ಅಮ್ಮ ಕೆಲಸಕ್ಕೆ ಹೋದಾಗ ಕೂಸಿನ ಹಾಲು ನಿಲ್ಲಬಾರದು

ಕೂಸು ಹುಟ್ಟಿದ ಹೊಸತರಲ್ಲಿ ಮನೆಯವರೆಲ್ಲ ಬಾಣಂತಿಯ ಸುತ್ತಲೇ ಇರುತ್ತಾರೆ. ಹಾಲು ಚೆನ್ನಾಗಿ ಬರಲಿ ಎಂದು ಸಬ್ಬಸಿಗೆ ಪಲ್ಯ, ಮೆಂತ್ಯೆ, ಅಳವಿ ಖೀರು, ಯಖ್ನಿ ಎಲ್ಲವೂ ಬರುತ್ತದೆ. ನಾಲ್ಕೈದು ತಿಂಗಳಾದ ಮೇಲೆ ಆಕೆ ಮತ್ತೆ ಶಾಲೆಗೋ, ಆಸ್ಪತ್ರೆಯ ಡ್ಯೂಟಿಗೋ, ಬೇಳೆ ಮಿಲ್ಲಿಗೋ, ಹೊಲಕ್ಕೋ ಹೊರಟು ನಿಂತಾಗ ಮಾತ್ರ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಹಗಲಲ್ಲಿ ಕೂಸಿಗೆ ಹಾಲು ಹೇಗೆ? ಯಾರೋ ಒಂದು ಪುಡಿ ಹಾಲಿನ ಡಬ್ಬಿ, ಒಂದು ಬಾಟಲಿ ತಂದಿಡುತ್ತಾರೆ. ಎರಡು ಮೂರು ವಾರದಲ್ಲಿ "ಹಾಲು ಬತ್ತಿಹೋಯಿತು" ಎಂಬ ಮಾತು ಕೇಳಿಬರುತ್ತದೆ.

ಸಾಮಾನ್ಯವಾಗಿ ಹಾಲು ತಾನಾಗಿ ಬತ್ತುವುದಿಲ್ಲ. ತಾಯಿ ಮತ್ತು ಕೂಸು ದೂರವಿರುವ ಗಂಟೆಗಳಿಗೆ ಒಂದು ವ್ಯವಸ್ಥೆ ಇಲ್ಲದ್ದರಿಂದ ನಿಲ್ಲುತ್ತದೆ. ಆ ವ್ಯವಸ್ಥೆ ಮಾಡುವ ಹೊಣೆ ತಾಯಿಯೊಬ್ಬಳದ್ದಲ್ಲ. ಕೂಸನ್ನು ನೋಡಿಕೊಳ್ಳುವ ದಾದಿ-ನಾನಿಯರು, ಶಿಶುಪಾಲನಾ ಕೇಂದ್ರದ ಆಯಾ, ಕೆಲಸ ಕೊಟ್ಟ ಮಾಲೀಕರು, ಮನೆಯ ಗಂಡಸರು ಎಲ್ಲರಿಗೂ ಅದರಲ್ಲಿ ಪಾಲಿದೆ. ಈ ತಿಂಗಳ ಪಾಠ ಇದರ ಬಗ್ಗೆ.

ಕುರ್‌ಆನ್ ತೋರಿಸಿದ ದಾರಿ

ಪವಿತ್ರ ಕುರ್‌ಆನಿನ ಅಲ್ ಬಕರಃ ಅಧ್ಯಾಯದ 233ನೆಯ ಸೂಕ್ತ ಹಾಲೂಡಿಕೆಯ ವಿಷಯವನ್ನೇ ಹೇಳುತ್ತದೆ. ಅವಧಿಯನ್ನು ಪೂರ್ತಿಗೊಳಿಸಲು ಬಯಸುವವರಿಗೆ ಎರಡು ಪೂರ್ಣ ವರ್ಷ ಎಂದು ಅಲ್ಲಿ ಇದೆ. ನಮ್ಮಲ್ಲಿ ಅನೇಕರಿಗೆ ಇಷ್ಟು ಗೊತ್ತು. ಅದೇ ಸೂಕ್ತದಲ್ಲಿ ಇನ್ನೂ ಮೂರು ಮಾತುಗಳಿವೆ. ಹಾಲೂಡಿಸುವ ತಾಯಿಯ ಊಟ ಬಟ್ಟೆಯ ಹೊಣೆ ತಂದೆಯದು. ಮಗುವಿನ ನೆಪದಲ್ಲಿ ತಾಯಿಗಾಗಲಿ ತಂದೆಗಾಗಲಿ ತೊಂದರೆ ಆಗಬಾರದು. ಎರಡು ವರ್ಷಕ್ಕೆ ಮೊದಲೇ ಹಾಲು ಬಿಡಿಸುವುದಾದರೆ ಇಬ್ಬರೂ ಸಮಾಲೋಚಿಸಿ, ಇಬ್ಬರ ಒಪ್ಪಿಗೆಯಿಂದ ಬಿಡಿಸಬೇಕು.

ಎಂದರೆ ಹಾಲೂಡಿಸುವುದು ತಾಯಿಯೊಬ್ಬಳ ಹೆಗಲ ಮೇಲಿನ ಭಾರ ಎಂದು ದೀನ್ ಎಲ್ಲಿಯೂ ಹೇಳಿಲ್ಲ. ಅದು ಸಮಾಲೋಚನೆಯ ವಿಷಯ, ಖರ್ಚಿನ ವಿಷಯ, ಇಡೀ ಮನೆಯ ವಿಷಯ. ಇನ್ನೊಬ್ಬ ಮಹಿಳೆಯಿಂದ ಹಾಲೂಡಿಸುವುದಕ್ಕೂ ಅಲ್ಲಿ ಅನುಮತಿ ಇದೆ. ಪ್ರವಾದಿ(ಸ) ಅವರೇ ಹಝ್ರತ್ ಹಲೀಮಾ ಸಅದಿಯಾರ ಮಡಿಲಲ್ಲಿ ಹಾಲು ಕುಡಿದು ಬೆಳೆದವರು.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದರ ಹತ್ತಿರವೇ ಇದೆ: ಮೊದಲ 6 ತಿಂಗಳು ಎದೆಹಾಲು ಮಾತ್ರ, ಆಮೇಲೆ ಮೇಲಿನ ಆಹಾರದ ಜೊತೆ 2 ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಎದೆಹಾಲು.

ಹಾಲು ಹೇಗೆ ಬರುತ್ತದೆ, ಏಕೆ ನಿಲ್ಲುತ್ತದೆ

ಎದೆಹಾಲು ಮಡಿಕೆಯಲ್ಲಿ ತುಂಬಿಟ್ಟ ನೀರಿನಂತಲ್ಲ, ಸೇದಿದಷ್ಟೂ ಊರುವ ಬಾವಿಯ ಹಾಗೆ. ಕೂಸು ಚೀಪಿದಾಗ ತಾಯಿಯ ಮೆದುಳಿನಿಂದ ಎರಡು ಹಾರ್ಮೋನುಗಳು ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಹಾಲನ್ನು ತಯಾರಿಸುತ್ತದೆ, ಆಕ್ಸಿಟೋಸಿನ್ ಅದನ್ನು ಹೊರಗೆ ಹರಿಸುತ್ತದೆ. ಎದೆ ಬರಿದಾದಷ್ಟೂ ಹೊಸ ಹಾಲು ಬೇಗ ತಯಾರಾಗುತ್ತದೆ. ತುಂಬಿ ಗಟ್ಟಿಯಾಗಿ ಹಾಗೆಯೇ ಉಳಿದರೆ "ಇನ್ನು ಸಾಕು" ಎಂಬ ಸೂಚನೆ ಹೋಗಿ ತಯಾರಿಕೆ ಕಡಿಮೆಯಾಗುತ್ತದೆ.

ಬೆಳಗ್ಗೆ ಎಂಟೂವರೆಗೆ ಮನೆ ಬಿಟ್ಟು ಸಂಜೆ ಆರೂವರೆಗೆ ಬರುವ ತಾಯಿ ನಡುವೆ ಒಮ್ಮೆಯೂ ಹಾಲು ತೆಗೆಯದೆ ಇದ್ದರೆ, ದಿನಕ್ಕೆ ಹತ್ತು ಗಂಟೆ ಆ ಸೂಚನೆ ಹೋಗುತ್ತಲೇ ಇರುತ್ತದೆ. ಅತ್ತ ಕೂಸು ಬಾಟಲಿಯಲ್ಲಿ ಪುಡಿ ಹಾಲು ಕುಡಿದು, ಅಮ್ಮ ಬಂದಾಗ ಹಸಿವಿಲ್ಲದೆ ಮಲಗಿರುತ್ತದೆ. ಎರಡೂ ಕಡೆಯಿಂದ ಹಾಲು ಕಡಿಮೆಯಾಗುತ್ತದೆ. ಇದರಲ್ಲಿ ತಾಯಿಯ ದೇಹದ ದೋಷವೇನೂ ಇಲ್ಲ.

ಇದೇ ನಿಯಮ ನಮಗೆ ಅನುಕೂಲವೂ ಹೌದು. ಹಗಲಿನಲ್ಲಿ ಎರಡು ಮೂರು ಬಾರಿ ಹಾಲು ಹಿಂಡಿ ತೆಗೆದರೆ, ರಾತ್ರಿ ಕೂಸು ಕೇಳಿದಾಗಲೆಲ್ಲ ಕುಡಿಸಿದರೆ, ಹಾಲು ಉಳಿಯುತ್ತದೆ. ರಾತ್ರಿ ಹೊತ್ತು ಪ್ರೊಲ್ಯಾಕ್ಟಿನ್ ಹೆಚ್ಚಿರುವುದರಿಂದ ಆಗ ಕುಡಿಸುವುದು ವಿಶೇಷ ಲಾಭದ್ದು.

ಕೂಸು ಹಗಲಲ್ಲಿ ಎಲ್ಲಿರುತ್ತದೆ?

ನಮ್ಮ ಕುಟುಂಬಗಳಲ್ಲಿ ಶಿಶುಪಾಲನಾ ಕೇಂದ್ರ ಎಂದರೆ ಹೆಚ್ಚಿನ ಸಲ ದಾದಿಯ ಮಡಿಲು, ಖಾಲಾಳ ಮನೆ, ಇಲ್ಲವೇ ಪಕ್ಕದ ಮನೆಯ ಹಿರಿಯ ಹೆಂಗಸು. ಅದು ಒಳ್ಳೆಯ ವ್ಯವಸ್ಥೆಯೇ. ಅದಕ್ಕೂ ಈ ಪಾಠ ಪೂರ್ತಿ ಅನ್ವಯಿಸುತ್ತದೆ. ಅದರ ಹೊರತಾಗಿ ಇರುವ ಅವಕಾಶಗಳನ್ನೂ ತಿಳಿದಿರಬೇಕು.

ಹಳ್ಳಿಗಳಲ್ಲಿ: 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿಯೇ ಒಂದು ಅಂಶವಿತ್ತು. ಕೆಲಸದ ಜಾಗಕ್ಕೆ 6 ವರ್ಷದೊಳಗಿನ 5 ಅಥವಾ ಹೆಚ್ಚು ಮಕ್ಕಳು ತಾಯಂದಿರ ಜೊತೆ ಬಂದರೆ, ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ಕೂಲಿ ಕೊಟ್ಟು ನೇಮಿಸಬೇಕು ಎಂಬುದು. ಅದರ ಮುಂದಿನ ಹೆಜ್ಜೆಯಾಗಿ ಕರ್ನಾಟಕ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವುದಾಗಿ ಘೋಷಿಸಿತು. ಕೂಲಿಗೆ ಹೋಗುವ ತಾಯಂದಿರ ಕೂಸುಗಳನ್ನು, ಮುಖ್ಯವಾಗಿ ಅಂಗನವಾಡಿಗೆ ಸೇರುವ ವಯಸ್ಸಾಗದವರನ್ನು, ತರಬೇತಿ ಪಡೆದ ಸ್ಥಳೀಯ ಮಹಿಳೆಯರು ಅಲ್ಲಿ ನೋಡಿಕೊಳ್ಳುತ್ತಾರೆ. ಕಮಲಾಪುರ ಸುತ್ತಲಿನ ಹಳ್ಳಿಗಳ ಸಹೋದರಿಯರು ತಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ ಇದೆಯೇ, ತೊಗರಿ ಕಳೆ ಮತ್ತು ರಾಶಿಯ ದಿನಗಳಲ್ಲಿ ಅದರ ಸಮಯ ಏನು ಎಂದು ಕೇಳಿ ತಿಳಿದುಕೊಳ್ಳಿ. ಕೂಸಿನ ಮನೆ ಹೊಲದಿಂದ ನಡೆದು ಹೋಗುವಷ್ಟು ಹತ್ತಿರವಿದ್ದರೆ, ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಹೋಗಿ ಹಾಲು ಕುಡಿಸಿ ಬರಬಹುದು. ಹಾಲು ಹಿಂಡಿಡುವ ಕೆಲಸವೂ ಉಳಿಯುತ್ತದೆ.

ಅಂಗನವಾಡಿ: ಕರ್ನಾಟಕದಲ್ಲಿ 2017ರ ಅಕ್ಟೋಬರ್ 2ರಿಂದ 'ಮಾತೃಪೂರ್ಣ' ಯೋಜನೆಯಲ್ಲಿ ಗರ್ಭಿಣಿ ಮತ್ತು ಬಾಣಂತಿಯರಿಗೆ ಬಿಸಿಯೂಟ ಇದೆ. ಹಾಲೂಡಿಸುವ ತಾಯಿಗೆ ಹಸಿವು ಹೆಚ್ಚು. ಸಿಗುವ ಊಟವನ್ನು ಸಂಕೋಚದಿಂದ ಬಿಡಬೇಡಿ.

ನಗರದಲ್ಲಿ: ಜಗತ್ ವೃತ್ತದ ಸುತ್ತಲಿನ ಅಂಗಡಿ, ಶಾಲೆ, ಆಸ್ಪತ್ರೆ, ಕಚೇರಿಗಳಲ್ಲಿ ಕೆಲಸ ಮಾಡುವ ಸಹೋದರಿಯರು ಕಾನೂನು ತಿಳಿದಿರಬೇಕು. 1961ರ ಹೆರಿಗೆ ಸೌಲಭ್ಯ ಕಾಯ್ದೆ, ಅದರ 2017ರ ತಿದ್ದುಪಡಿಯಲ್ಲಿ ಇದ್ದ ಅಂಶಗಳು:

- ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ, ಅದರ ನಂತರದ ಮಗುವಿಗೆ 12 ವಾರ.
- ಕೆಲಸಕ್ಕೆ ಮರಳಿದ ತಾಯಿಗೆ ಮಗುವಿಗೆ 15 ತಿಂಗಳಾಗುವವರೆಗೆ ಮಾಮೂಲಿ ವಿರಾಮದ ಜೊತೆ ದಿನಕ್ಕೆ ಎರಡು ಹಾಲೂಡಿಸುವ ವಿರಾಮ.
- 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ, ಅಲ್ಲಿಗೆ ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿ ಬರಲು ಅವಕಾಶ.

2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಅಂಶಗಳು ಸೇರಿವೆ. 26 ವಾರದಲ್ಲಿ 8 ವಾರವನ್ನು ಹೆರಿಗೆಗೆ ಮೊದಲೇ ತೆಗೆದುಕೊಂಡರೆ ಹೆರಿಗೆಯ ನಂತರ ಉಳಿಯುವುದು 18 ವಾರ, ಅಂದರೆ ನಾಲ್ಕು ತಿಂಗಳ ಚಿಲ್ಲರೆ. ಎದೆಹಾಲು ಮಾತ್ರ ಕೊಡಬೇಕಾದ ಆರು ತಿಂಗಳು ಮುಗಿಯುವ ಮೊದಲೇ ರಜೆ ಮುಗಿಯುತ್ತದೆ. ಆದ್ದರಿಂದ ರಜೆಯ ಲೆಕ್ಕವನ್ನು ಗರ್ಭಿಣಿಯಾಗಿದ್ದಾಗಲೇ ಹಾಕಿ.

ಮನೆಗೆಲಸ, ಸಣ್ಣ ಅಂಗಡಿ, ಗುತ್ತಿಗೆ ಕೂಲಿ ಮಾಡುವ ಸಾವಿರಾರು ಸಹೋದರಿಯರಿಗೆ ಈ ಕಾನೂನಿನ ನೆರಳು ಸಿಗುವುದಿಲ್ಲ. ಅಲ್ಲಿ ಮಾಲೀಕರ ಮನಸ್ಸೇ ಕಾನೂನು. ನಮ್ಮ ಓದುಗರಲ್ಲಿ ಅಂಗಡಿ, ಶಾಲೆ, ಮಿಲ್ಲು, ಹೊಲಿಗೆ ಘಟಕ ನಡೆಸುವವರೂ ಇದ್ದೀರಿ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಮೂಲೆ, ಒಂದು ಕುರ್ಚಿ, ಕೈ ತೊಳೆಯಲು ನೀರು, ದಿನಕ್ಕೆ ಎರಡು ಬಾರಿ ಇಪ್ಪತ್ತು ನಿಮಿಷ. ಇಷ್ಟೇ ಬೇಕಾಗಿರುವುದು. ಕೊಠಡಿ ಇಲ್ಲದಿದ್ದರೆ ಪರದೆಯಾದರೂ ಸಾಕು. ಆದರೆ ಶೌಚಾಲಯವನ್ನು ತೋರಿಸಬೇಡಿ. ನಾವು ಊಟ ಮಾಡದ ಜಾಗದಲ್ಲಿ ಕೂಸಿನ ಊಟ ತಯಾರಾಗಬಾರದು.

ಕೆಲಸಕ್ಕೆ ಮರಳುವ ಎರಡು ವಾರ ಮೊದಲು

ಹಾಲು ಹಿಂಡುವುದನ್ನು ಮನೆಯಲ್ಲಿಯೇ ಕಲಿತುಕೊಳ್ಳಿ. ಯಂತ್ರ ಇಲ್ಲದಿದ್ದರೂ ನಡೆಯುತ್ತದೆ.

1. ಸೋಪು ಹಾಕಿ ಕೈ ತೊಳೆಯಿರಿ. ಅಗಲ ಬಾಯಿಯ ಸ್ಟೀಲ್ ಬಟ್ಟಲು ಮತ್ತು ಮುಚ್ಚಳವನ್ನು ಕುದಿಸಿ ಆರಿಸಿಕೊಳ್ಳಿ.
2. ಆರಾಮವಾಗಿ ಕುಳಿತು ಎದೆಯನ್ನು ಮೆಲ್ಲಗೆ ನೀವಿಕೊಳ್ಳಿ. ಕೂಸನ್ನು ನೆನೆಸಿಕೊಳ್ಳುವುದು, ಅದರ ಬಟ್ಟೆಯ ವಾಸನೆ ಕೂಡ ಹಾಲು ಇಳಿಯಲು ನೆರವಾಗುತ್ತವೆ.
3. ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲಿ ಮೇಲೆ ಹೆಬ್ಬೆರಳು, ಕೆಳಗೆ ತೋರುಬೆರಳು ಇಡಿ.
4. ಮೊದಲು ಎದೆಗೂಡಿನ ಕಡೆ ಒಳಕ್ಕೆ ಒತ್ತಿ, ಆಮೇಲೆ ಎರಡೂ ಬೆರಳನ್ನು ಸೇರಿಸಿ ಒತ್ತಿ, ಬಿಡಿ. ತೊಟ್ಟನ್ನು ಹಿಂಡಬೇಡಿ, ಚರ್ಮವನ್ನು ಉಜ್ಜಬೇಡಿ. ನೋವಾದರೆ ವಿಧಾನ ತಪ್ಪಿದೆ ಎಂದರ್ಥ.
5. ಬೆರಳುಗಳನ್ನು ಸುತ್ತಲೂ ಸರಿಸುತ್ತಾ ಎರಡೂ ಕಡೆ ತೆಗೆಯಿರಿ. ಒಟ್ಟು 20ರಿಂದ 30 ನಿಮಿಷ ಹಿಡಿಯಬಹುದು.

ಮೊದಲ ದಿನಗಳಲ್ಲಿ ನಾಲ್ಕು ಹನಿ ಬಂದರೆ ಎದೆಗುಂದಬೇಡಿ. ಕೈ ಪಳಗಿದಂತೆ ಹೆಚ್ಚಾಗುತ್ತದೆ.

ಎಷ್ಟು ಹಾಲು ಬೇಕು? 1ರಿಂದ 6 ತಿಂಗಳ ಕೂಸು ದಿನಕ್ಕೆ ಸರಾಸರಿ 750 ಮಿ.ಲೀ. ಕುಡಿಯುತ್ತದೆ. ಎಂದರೆ ತಾಯಿ ಇಲ್ಲದ ಪ್ರತಿ ಗಂಟೆಗೆ ಸುಮಾರು 30 ಮಿ.ಲೀ. ಲೆಕ್ಕ ಹಿಡಿಯಿರಿ. ಕಮಲಾಪುರದಿಂದ ಬಸ್ಸಿನಲ್ಲಿ ಕಲಬುರಗಿಗೆ ಬಂದು ಹೋಗುವ ತಾಯಿ ಹತ್ತು ಗಂಟೆ ಹೊರಗಿದ್ದರೆ ಸುಮಾರು 300 ಮಿ.ಲೀ. ಬೇಕು. ಅದನ್ನು ನಾಲ್ಕು ಬಟ್ಟಲಲ್ಲಿ 75 ಮಿ.ಲೀ.ಯಂತೆ ಹಂಚಿಡಬಹುದು. ಕೆಲವು ಕೂಸುಗಳು ಕಡಿಮೆ ಕುಡಿದು ರಾತ್ರಿ ಸರಿದೂಗಿಸಿಕೊಳ್ಳುತ್ತವೆ. ಗಾಬರಿ ಬೇಡ.

ನಮ್ಮ ಬಿಸಿಲಿನಲ್ಲಿ ಹಾಲನ್ನು ಇಡುವುದು

ಹಿಂಡಿದ ಹಾಲು 25 ಡಿಗ್ರಿಯವರೆಗಿನ ತಂಪಾದ ಕೋಣೆಯಲ್ಲಿ 4 ಗಂಟೆ ಇರುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಹೀಗೆ ಮಾಡಿ:

- ಐಸ್ ಪ್ಯಾಕ್ ಹಾಕಿದ, ಬಿಗಿ ಮುಚ್ಚಳದ ಐಸ್ ಡಬ್ಬಿಯಲ್ಲಿ 24 ಗಂಟೆಯವರೆಗೆ ಇಡಬಹುದು. ಕೆಲಸದ ಜಾಗದಿಂದ ಮನೆಗೆ ತರಲೂ ಇದೇ ದಾರಿ.
- ಫ್ರಿಜ್ಜಿನಲ್ಲಿ ಒಳಭಾಗದಲ್ಲಿಡಿ, ಬಾಗಿಲಿನ ಕಪಾಟಿನಲ್ಲಿ ಬೇಡ. ಕರೆಂಟ್ ಹೋಗಿ ಬರುವ ಊರುಗಳಲ್ಲಿ 24 ಗಂಟೆಯೊಳಗೆ ಬಳಸಿಬಿಡುವುದು ಕ್ಷೇಮ.
- ಫ್ರಿಜ್ಜೂ ಇಲ್ಲ, ಐಸ್ ಡಬ್ಬಿಯೂ ಇಲ್ಲ ಎಂದಾದರೆ ಬೇಸಿಗೆಯಲ್ಲಿ ಹಾಲು ಇಟ್ಟುಹೋಗುವುದಕ್ಕಿಂತ ಕೂಸನ್ನು ತಾಯಿಯ ಬಳಿಗೆ ಕರೆತರುವುದೋ, ತಾಯಿಯೇ ಹೋಗಿ ಕುಡಿಸುವುದೋ ಮೇಲು.
- ಇಟ್ಟ ಹಾಲಿನ ಮೇಲೆ ಕೆನೆ ಬೇರೆಯಾಗುವುದು ಸಹಜ. ಅದು ಕೆಟ್ಟಿಲ್ಲ. ಬಟ್ಟಲನ್ನು ಬೆಚ್ಚಗಿನ ನೀರಿನಲ್ಲಿಟ್ಟು ಮೆಲ್ಲಗೆ ತಿರುವಿ. ಒಲೆಯ ಮೇಲೆ ಕಾಯಿಸಬೇಡಿ.
- ಕೂಸು ಕುಡಿದು ಉಳಿದ ಹಾಲನ್ನು 2 ಗಂಟೆಯ ನಂತರ ಇಡಬೇಡಿ.

ನೋಡಿಕೊಳ್ಳುವವರಿಗೆ ಐದು ಮಾತು

ದಾದಿ, ನಾನಿ, ಆಯಾ, ಕೂಸಿನ ಮನೆಯ ಕಾರ್ಯಕರ್ತೆ ಎಲ್ಲರಿಗೂ:

1. ಬಾಟಲಿ ಬೇಡ, ಒಳಲೆ ಇಲ್ಲವೇ ಬಟ್ಟಲು-ಚಮಚ ಸಾಕು. ಬಾಟಲಿಯ ನಿಪ್ಪಲ್ ಶುದ್ಧವಾಗುವುದು ಕಷ್ಟ, ಅದರಿಂದಲೇ ಭೇದಿ. ಬಾಟಲಿಗೆ ಒಗ್ಗಿದ ಕೂಸು ತಾಯಿಯ ಎದೆಯನ್ನು ಬೇಡ ಎನ್ನುವುದೂ ಉಂಟು. ಕೂಸನ್ನು ತೊಡೆಯ ಮೇಲೆ ಸ್ವಲ್ಪ ಎತ್ತರಿಸಿ ಕೂರಿಸಿಕೊಂಡು, ಬಟ್ಟಲಿನ ಅಂಚನ್ನು ಕೆಳತುಟಿಗೆ ತಾಗಿಸಿ. ಅದೇ ನೆಕ್ಕಿ ಕುಡಿಯುತ್ತದೆ. ಬಾಯಿಗೆ ಸುರಿಯಬೇಡಿ.
2. ಅಳುವವರೆಗೆ ಕಾಯಬೇಡಿ. ಬಾಯಿ ತೆರೆದು ಹುಡುಕುವುದು, ಮುಷ್ಟಿ ಚೀಪುವುದು, ತಲೆ ಹೊರಳಿಸುವುದು ಹಸಿವಿನ ಮೊದಲ ಸೂಚನೆಗಳು. ಅಳು ಕೊನೆಯದು. ಮುಖ ತಿರುಗಿಸಿದರೆ ಹೊಟ್ಟೆ ತುಂಬಿತು ಎಂದರ್ಥ. ಬಟ್ಟಲು ಖಾಲಿಯಾಗಲೇಬೇಕು ಎಂಬ ಹಟ ಬೇಡ.
3. 6 ತಿಂಗಳೊಳಗೆ ನೀರು ಬೇಡ, ಬೇಸಿಗೆಯಲ್ಲೂ ಬೇಡ. ಎದೆಹಾಲಿನಲ್ಲಿ ಹೆಚ್ಚಿನ ಪಾಲು ನೀರೇ ಇದೆ. ಸೆಕೆಯಾದರೆ ಹೆಚ್ಚು ಸಲ ಹಾಲು ಕೊಡಿ. ಘುಟ್ಟಿ, ಗ್ರೈಪ್ ವಾಟರ್, ಸಕ್ಕರೆ ನೀರು ಯಾವುದೂ ಬೇಡ. ಜೇನನ್ನು ಒಂದು ವರ್ಷದವರೆಗೆ ಕೊಡಲೇಬೇಡಿ.
4. ತಾಯಿ ಬರುವ ಹೊತ್ತನ್ನು ನೆನಪಿಡಿ. ಆಕೆ ಅರ್ಧ ಗಂಟೆಯಲ್ಲಿ ಬರುವುದಿದ್ದರೆ ಹೊಟ್ಟೆ ತುಂಬ ಕುಡಿಸಬೇಡಿ. ಎರಡು ಚಮಚ ಕೊಟ್ಟು ಸಮಾಧಾನ ಮಾಡಿ. ಹಸಿದ ಕೂಸು, ತುಂಬಿದ ಎದೆ ಸೇರಿದಾಗ ಇಬ್ಬರಿಗೂ ನೆಮ್ಮದಿ.
5. ಬರೆದಿಡಿ. ಎಷ್ಟು ಗಂಟೆಗೆ, ಎಷ್ಟು ಹಾಲು, ಎಷ್ಟು ಬಾರಿ ಮೂತ್ರ. ದಿನಕ್ಕೆ ಆರು ಅಥವಾ ಹೆಚ್ಚು ಬಾರಿ ಒದ್ದೆಯಾದರೆ ಹಾಲು ಸಾಕಾಗುತ್ತಿದೆ.

ಕೇಂದ್ರ ನಡೆಸುವವರಿಗೆ ಇನ್ನೊಂದು ಮಾತು. 1992ರ ಶಿಶುಹಾಲಿನ ಬದಲಿಗಳ ಕಾಯ್ದೆ ಪುಡಿ ಹಾಲು, ಹಾಲಿನ ಬಾಟಲಿ, ಶಿಶು ಆಹಾರಗಳ ಜಾಹೀರಾತನ್ನು ನಿಷೇಧಿಸಿದೆ. ಕಂಪನಿಯ ಪೋಸ್ಟರನ್ನು ಗೋಡೆಗೆ ಹಚ್ಚಬೇಡಿ, ಉಚಿತ ಡಬ್ಬಿಗಳನ್ನು ತೆಗೆದುಕೊಳ್ಳಬೇಡಿ.

ಒಬ್ಬರ ಹಾಲು ಇನ್ನೊಬ್ಬರಿಗೆ ಹೋಗಬಾರದು

ನಮ್ಮ ಕುಟುಂಬಗಳಿಗೆ ಇದು ಆರೋಗ್ಯದ ಜೊತೆ ದೀನ್‌ನ ವಿಷಯವೂ ಹೌದು. ಹಾಲು ಕುಡಿಸಿದವಳು ಹಾಲು ತಾಯಿಯಾಗುತ್ತಾಳೆ, ಆಕೆಯ ಮಕ್ಕಳು ಹಾಲು ಸೋದರರು. ಅವರ ನಡುವೆ ನಿಕಾಹ್ ನಿಷಿದ್ಧ ಎಂದು ಅನ್ನಿಸಾ ಅಧ್ಯಾಯದ 23ನೆಯ ಸೂಕ್ತ ತಿಳಿಸುತ್ತದೆ. ಎಷ್ಟು ಕುಡಿದರೆ ಈ ಸಂಬಂಧ ಏರ್ಪಡುತ್ತದೆ ಎಂಬುದರಲ್ಲಿ ಮದ್‌ಹಬ್‌ಗಳ ನಡುವೆ ಭಿನ್ನಾಭಿಪ್ರಾಯವಿದೆ. ಹನಫಿಗಳಲ್ಲಿ ಒಂದು ಬಾರಿ ಕುಡಿದರೂ ಸಾಕು, ಶಾಫಿಗಳಲ್ಲಿ ಐದು ಬಾರಿ. ನೇರವಾಗಿ ಎದೆಯಿಂದ ಕುಡಿಯದೆ ಬಟ್ಟಲಿನಿಂದ ಕುಡಿದರೂ ಸಂಬಂಧ ಏರ್ಪಡುತ್ತದೆ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಒಂದೇ ಮೊಹಲ್ಲಾದ ಹತ್ತು ಕೂಸುಗಳು ಒಂದೇ ಕಡೆ ಇರುವಾಗ ಈ ಎಚ್ಚರ ಎಷ್ಟು ಮುಖ್ಯ ಎಂದು ಯೋಚಿಸಿ. ಇಪ್ಪತ್ತು ವರ್ಷದ ನಂತರ ಅವರ ನಡುವೆಯೇ ಸಂಬಂಧದ ಮಾತು ಬರಬಹುದು. ಆದ್ದರಿಂದ ಪ್ರತಿ ಡಬ್ಬಿಯ ಮೇಲೆ ಕೂಸಿನ ಹೆಸರು, ತಾಯಿಯ ಹೆಸರು, ದಿನ, ಗಂಟೆ ಬರೆದ ಪಟ್ಟಿ ಅಂಟಿಸಿ. ಕುಡಿಸುವ ಮೊದಲು ಓದಿ ನೋಡಿ. ಅಕಸ್ಮಾತ್ ಬದಲಾದರೆ ಮುಚ್ಚಿಡಬೇಡಿ. ಅದೇ ದಿನ ಇಬ್ಬರು ತಾಯಂದಿರಿಗೂ ತಿಳಿಸಿ. ಅವರು ವೈದ್ಯರನ್ನೂ ಆಲಿಮರನ್ನೂ ಕೇಳಿ ಬರೆದಿಟ್ಟುಕೊಳ್ಳಲಿ. ಪ್ರೀತಿಯಿಂದ ಖಾಲಾ, ಚಾಚಿ ಹಾಲು ಕುಡಿಸಿದ್ದರೂ ಮನೆಯಲ್ಲಿ ಬರೆದಿಡುವುದು ಒಳ್ಳೆಯದು.

ಆರು ತಿಂಗಳಾದ ಮೇಲೆ

ಆರು ತಿಂಗಳು ತುಂಬಿದೊಡನೆ ಮೆತ್ತಗಿನ ಖಿಚಡಿ, ಕಿವುಚಿದ ತೊಗರಿಬೇಳೆ ಅನ್ನ, ಬಾಳೆಹಣ್ಣು, ಬೆಂದ ಮೊಟ್ಟೆ ಶುರುವಾಗಲಿ. ಕಮಲಾಪುರದ ಕೆಂಪು ಬಾಳೆ ಮನೆಯ ಬಾಗಿಲಲ್ಲೇ ಇರುವಾಗ ಡಬ್ಬಿಯ ಆಹಾರ ಬೇಕಿಲ್ಲ. ಹಾಗೆಂದು ಹಾಲು ನಿಲ್ಲಿಸಬೇಡಿ. 6ರಿಂದ 12 ತಿಂಗಳವರೆಗೆ ಕೂಸಿನ ಶಕ್ತಿಯ ಅರ್ಧದಷ್ಟು, ಎರಡನೆಯ ವರ್ಷದಲ್ಲಿ ಮೂರನೆಯ ಒಂದು ಭಾಗ ಎದೆಹಾಲಿನಿಂದಲೇ ಬರುತ್ತದೆ. ಈ ವಯಸ್ಸಿನಲ್ಲಿ ಹಗಲು ಕೇಂದ್ರದಲ್ಲಿ ಊಟ, ಬೆಳಗ್ಗೆ-ಸಂಜೆ-ರಾತ್ರಿ ತಾಯಿಯ ಹಾಲು ಎಂಬ ಕ್ರಮ ಚೆನ್ನಾಗಿ ಹೊಂದಿಕೊಳ್ಳುತ್ತದೆ.

ಮನೆಯ ಗಂಡಸರಿಗೆ

ಹಾಲೂಡಿಸುವ ಕೆಲಸದಲ್ಲಿ ಅಬ್ಬಾನಿಗೇನು ಪಾಲು ಎಂದು ಕೇಳಬೇಡಿ. ಬಟ್ಟಲು ಕುದಿಸುವುದು, ಐಸ್ ಡಬ್ಬಿ ತುಂಬುವುದು, ಕೂಸನ್ನು ಮಧ್ಯಾಹ್ನ ತಾಯಿಯ ಕೆಲಸದ ಜಾಗಕ್ಕೆ ಕರೆದೊಯ್ಯುವುದು, ಸಂಜೆ ಆಕೆ ಬಂದೊಡನೆ ಚಹಾ ಮಾಡಿಕೊಟ್ಟು ಕೂಸಿನ ಜೊತೆ ಕೂರಲು ಬಿಡುವುದು. ಇವಕ್ಕೆಲ್ಲ ಗಂಡಸಿನ ಕೈ ಸಾಕು. ಕೆಲಸದಿಂದ ಬಂದವಳ ಮುಂದೆ ರೊಟ್ಟಿ ಬಡಿಯುವ ಹಿಟ್ಟು ಕಾಯುತ್ತಿದ್ದರೆ ಕೂಸಿಗೆ ಬಾಟಲಿಯೇ ಗತಿ. ರಂಝಾನಿನಲ್ಲಿ, ಉಪವಾಸದಿಂದ ತನಗೋ ಕೂಸಿಗೋ ತೊಂದರೆಯಾದೀತೆಂದು ಭಯಪಡುವ ತಾಯಿಗೆ ಅದನ್ನು ಮುಂದೂಡುವ ರಿಯಾಯಿತಿ ಇದೆ. ಅದನ್ನು ಬಳಸಿದವಳನ್ನು ಯಾರೂ ಚುಚ್ಚಬಾರದು.

ವೈದ್ಯರನ್ನು ಕಾಣಬೇಕಾದಾಗ

ಎದೆಯಲ್ಲಿ ಕೆಂಪಗಿನ ನೋವಿನ ಗಂಟು, ಜ್ವರ ಬಂದರೆ ತಡಮಾಡಬೇಡಿ. ಸಾಮಾನ್ಯವಾಗಿ ಆಗಲೂ ಹಾಲು ಕುಡಿಸುವುದನ್ನು ನಿಲ್ಲಿಸಬೇಕಿಲ್ಲ. ಕೂಸಿನ ಮೂತ್ರ ಕಡಿಮೆಯಾದರೆ, ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಮೇಲೇರದಿದ್ದರೆ ಆಶಾ ಕಾರ್ಯಕರ್ತೆಗೆ ಅಥವಾ ಮಕ್ಕಳ ವೈದ್ಯರಿಗೆ ತೋರಿಸಿ. ಕೆಲವು ತಾಯಂದಿರಿಗೆ ಕಾಯಿಲೆ ಅಥವಾ ಔಷಧಿಯ ಕಾರಣಕ್ಕೆ ವೈದ್ಯರೇ ಎದೆಹಾಲು ಬೇಡ ಎಂದಿರುತ್ತಾರೆ. ಅವರನ್ನು ಪ್ರಶ್ನೆ ಕೇಳಿ ನೋಯಿಸುವ ಹಕ್ಕು ಯಾರಿಗೂ ಇಲ್ಲ. ಅವರ ಕೂಸಿಗೂ ಬಟ್ಟಲು, ಕುದಿಸಿದ ನೀರು, ಸರಿಯಾದ ಅಳತೆ, ಅದೇ ಅಕ್ಕರೆ ಬೇಕು.

ಮನೆಯಲ್ಲಿ ಕೂತು ಚರ್ಚಿಸಿ

1. ನಮ್ಮ ಮನೆಯ ತಾಯಿ ಕೆಲಸಕ್ಕೆ ಮರಳುವ ದಿನ ಕೂಸಿಗೆ ಎಷ್ಟು ತಿಂಗಳಾಗಿರುತ್ತದೆ? ಆಕೆ ಎಷ್ಟು ಗಂಟೆ ಹೊರಗಿರುತ್ತಾಳೆ?
2. ಆ ಹೊತ್ತಿನಲ್ಲಿ ಕೂಸನ್ನು ಯಾರು ನೋಡಿಕೊಳ್ಳುತ್ತಾರೆ? ಅವರಿಗೆ ಬಟ್ಟಲಿನಲ್ಲಿ ಕುಡಿಸಲು ಬರುತ್ತದೆಯೇ?
3. ಕೆಲಸದ ಜಾಗದಲ್ಲಿ ಹಾಲು ತೆಗೆಯಲು ಅಥವಾ ಕುಡಿಸಲು ಪರದೆಯ ಜಾಗ ಎಲ್ಲಿದೆ? ಇಲ್ಲದಿದ್ದರೆ ಮಾಲೀಕರನ್ನು ಯಾರು ಕೇಳುತ್ತಾರೆ?
4. ಸಂಜೆಯ ಮೊದಲ ಅರ್ಧ ಗಂಟೆ ತಾಯಿ-ಕೂಸಿಗೆ ಸಿಗಲು ಅಡುಗೆ ಕೆಲಸವನ್ನು ಯಾರು ವಹಿಸಿಕೊಳ್ಳುತ್ತಾರೆ?

ಈ ನಾಲ್ಕು ಪ್ರಶ್ನೆಗೆ ಹೆಸರು ಹಿಡಿದು ಉತ್ತರ ಸಿಕ್ಕಿದ ಮನೆಯಲ್ಲಿ, ಇನ್‌ಶಾ ಅಲ್ಲಾಹ್, ಕೂಸು ತನ್ನ ಎರಡು ವರ್ಷದ ಹಕ್ಕನ್ನು ಪಡೆಯುತ್ತದೆ.